ಯಾರೂ ಕೇಳಬಾರದ ಬೈಕು

ಪಿಕರಿಂಗ್ ಮೇವಿನಂಗಡಿಯ ಹಿಂದೆ ಕುದುರೆ ಪಳಗಿಸುವ ಅಂಗಳವೊಂದಿದೆ. ವರ್ಷಕ್ಕೊಮ್ಮೆ ಅಲ್ಲಿ ದೊಡ್ಡವರೆಲ್ಲ ಮಕ್ಕಳ ಬೈಕು ಹತ್ತಿ ರೇಸು ಓಡುತ್ತಾರೆ. ಆ ರೇಸಿಗೆ ಗೆಲ್ಲಲೆಂದು ಯಾರೂ ಬರುತ್ತಿರಲಿಲ್ಲ, ಎಲ್ಲರೂ ಬರುತ್ತಿದ್ದದ್ದು ಎರಡನೆಯವರಾಗಲಿಕ್ಕೆ. ಹೊರಗಿನವರಿಗೆ ಇದು ಹುಚ್ಚರ ಸಂತೆಯ ಹಾಗೆ ಕಂಡೀತು. ಆ ಮರಳುಗಾಡಿನ ಊರಿನವರಿಗೆ ಮಾತ್ರ ಕಾರಣ ಚೆನ್ನಾಗಿ ಗೊತ್ತಿತ್ತು.

ಅಲ್ಲಿಗೆ ಬರುವ ಬೈಕುಗಳೆಲ್ಲ ಹುಟ್ಟಿನಲ್ಲಿ ಎಳೆಯರವು. ನೂರ ಹತ್ತು ಸಿಸಿ, ಕ್ಲಚ್ಚಿನ ಲಿವರೇ ಇಲ್ಲ, ತೊಡೆಯೆತ್ತರದ ಸೀಟು, ಹಾಸಿಗೆಯಷ್ಟು ಮೆತ್ತಗಿನ ಸ್ಪ್ರಿಂಗು. ಮಗು ಬೆಳೆದು ದೊಡ್ಡ ಬೈಕಿಗೆ ಹೋದ ಮೇಲೆ ಅದು ಗ್ಯಾರೇಜಿನ ಮೂಲೆ ಸೇರಬೇಕು, ಆದರೆ ಸೇರುವುದಿಲ್ಲ. ಅಪ್ಪನೋ ಅಮ್ಮನೋ ಒಂದು ಸಂಜೆ ತಮಾಷೆಗೆಂದು ಹತ್ತಿ ಬೀದಿಯ ತುದಿಯವರೆಗೆ ಹೋಗಿ ಬರುತ್ತಾರೆ. ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ, ಎತ್ತರದ ಹ್ಯಾಂಡಲ್ ತರಿಸುತ್ತಾರೆ. ಹ್ಯಾಂಡಲ್ ಬಂದ ಮೇಲೆ ಸ್ಪ್ರಿಂಗು ಮೆತ್ತಗೆನಿಸುತ್ತದೆ. ಸ್ಪ್ರಿಂಗು ಬದಲಾದ ಮೇಲೆ ಇಂಜಿನ್ನು ಬಡಕಲಾಗಿ ಕಾಣುತ್ತದೆ. ಕೊನೆಗೆ ಕಂಪನಿಯದು ಅಂತ ಉಳಿಯುವುದು ಚೌಕಟ್ಟು ಒಂದೇ. ಈ ರೋಗಕ್ಕೆ ಆ ಊರಿನಲ್ಲಿ ಮದ್ದಿಲ್ಲ, ಮದ್ದು ಬೇಕೆಂದು ಯಾರೂ ಕೇಳಿಯೂ ಇಲ್ಲ.

ರೋಗ ಹದ್ದು ಮೀರಿ ಮನೆಮಠ ಮಾರುವಂತಾಗಬಾರದು ಎಂದು ಅಂಗಡಿಯ ಒಡತಿ ಲೋರ್ನಾ ಪಿಕರಿಂಗ್ ಬಹಳ ಹಿಂದೆಯೇ ಒಂದು ಕಟ್ಟಳೆ ಮಾಡಿದ್ದಳು. ಗೆದ್ದ ಬೈಕನ್ನು, ಆ ರೇಸು ಮುಗಿಸಿದ ಯಾರು ಬೇಕಾದರೂ ಆರುನೂರು ಡಾಲರಿಗೆ ಕೇಳಬಹುದು. ಬಾಯಿಬಿಟ್ಟು ಕೇಳುವಂತಿಲ್ಲ. ತನ್ನ ಹೆಲ್ಮೆಟ್ಟನ್ನು ಆ ಬೈಕಿನ ಸೀಟಿನ ಮೇಲೆ ಇಡಬೇಕು, ಅಷ್ಟೇ. ಇಟ್ಟ ಮೇಲೆ ಬೈಕು ಇಟ್ಟವರದು. ಕೊಡುವುದಿಲ್ಲ ಎಂದವರು ಮತ್ತೆ ಅಂಗಳಕ್ಕೆ ಕಾಲಿಡುವಂತಿಲ್ಲ. ಆರುನೂರಕ್ಕೆ ಕೈಬಿಟ್ಟು ಹೋಗುವ ಬೈಕಿಗೆ ಯಾರು ತಾನೇ ಸಾವಿರಾರು ಸುರಿಯುತ್ತಾರೆ ಎಂಬುದು ಲೋರ್ನಾಳ ಲೆಕ್ಕ.

ಲೋರ್ನಾಳ ಲೆಕ್ಕದಲ್ಲಿ ಡ್ವೈಟ್ ಹ್ಯಾಲಮ್ ಇರಲಿಲ್ಲ. ಅವನು ಮನೆಗಳಿಗೆ ಚಾವಣಿ ಹಾಕಿಸುವ ಕಂಟ್ರಾಕ್ಟರು, ಬಾಗಿಲಿಗೆ ತಲೆ ಬಗ್ಗಿಸಿ ಬರುವ ಆಳು, ಮನಸ್ಸು ಒಳ್ಳೆಯದು, ಕೈಯಲ್ಲಿ ದುಡ್ಡೂ ಓಡಾಡುತ್ತಿತ್ತು. ಪ್ರತಿವರ್ಷ ಗೆದ್ದ ಬೈಕಿನ ಮೇಲೆ ಹೆಲ್ಮೆಟ್ ಇಟ್ಟು ಮನೆಗೆ ಒಯ್ಯುತ್ತಿದ್ದ. ಅವನ ಶೆಡ್ಡಿನಲ್ಲಿ ಊರಿನ ಗೆದ್ದ ಬೈಕುಗಳೆಲ್ಲ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಯಾವುದನ್ನು ಏರಿ ಬಂದರೂ ಡ್ವೈಟ್ ಐದನೆಯವನೋ ಆರನೆಯವನೋ ಆಗುತ್ತಿದ್ದ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದರೆ ಇದೇ.

ಹಾಗಾಗಿ ಬೇಸಿಗೆಯೆಲ್ಲ ಬೆವರು ಸುರಿಸಿ ಬೈಕು ಕಟ್ಟಿದವರು ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ನಾಚಿಕೆಯಿಲ್ಲದೆ ಬ್ರೇಕು ಹಿಡಿಯುತ್ತಿದ್ದರು. ನೀನು ಮುಂದೆ ಹೋಗು ಎಂದು ಇವನು, ಇಲ್ಲ ನೀನೇ ಹೋಗು ಎಂದು ಅವನು, ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಉಪಚಾರ ಮಾಡಿದ ಹಾಗೆ. ಗೆಲ್ಲುತ್ತಿದ್ದವರು ಒಂದೋ ಕಟ್ಟಳೆ ಗೊತ್ತಿಲ್ಲದ ಹೊಸಬರು, ಇಲ್ಲವೇ ಬೈಕು ಮಾರಲು ಗಿರಾಕಿ ಹುಡುಕುತ್ತಿದ್ದವರು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಇಟ್ಟುಕೊಂಡ ಉಳಿದವರೆಲ್ಲ ಎರಡನೆಯ ಜಾಗಕ್ಕೆ ಕಾದಾಡುತ್ತಿದ್ದರು.

ಈ ವಿದ್ಯೆಯಲ್ಲಿ ಯುಸೇಬಿಯೋ ಅರಿಯೋಲಾನನ್ನು ಮೀರಿಸಿದವರಿಲ್ಲ. ಲಾರಿ ರಿಪೇರಿ ಮಾಡಿ ನಿವೃತ್ತನಾದ ಸಣ್ಣ ಮೈಕಟ್ಟಿನ ಮುದುಕ. ಎಷ್ಟೋ ವರ್ಷ ಎರಡನೆಯವನಾಗಿ ಬಂದು, ಕಟ್ಟಿದ ಒಂದು ಬೈಕನ್ನೂ ಕಳೆದುಕೊಳ್ಳದೆ ಎಲ್ಲವನ್ನೂ ಮನೆಯಲ್ಲಿ ಪೇರಿಸಿಟ್ಟಿದ್ದ. ಊರು ಅವನನ್ನು ಸೆಗುಂದೋ, ಅಂದರೆ ಎರಡನೆಯವ, ಎಂದೇ ಕರೆಯುತ್ತಿತ್ತು. ಅವನು ನಗುತ್ತಲೇ ಓಗೊಡುತ್ತಿದ್ದ.

ಮಗಳು ಗ್ರಿಸೆಲ್ಡಾಳಿಗೆ ಆ ಹೆಸರು ಗಂಟಲಲ್ಲಿ ಸಿಕ್ಕ ಮುಳ್ಳು. ಅವಳೂ ಅಪ್ಪನ ಕಸುಬೇ ಹಿಡಿದಿದ್ದಳು. ಹೆದ್ದಾರಿಯ ಗ್ಯಾರೇಜಿನಲ್ಲಿ ಹದಿನೆಂಟು ಚಕ್ರದ ಲಾರಿಗಳ ಬ್ರೇಕು ಬಿಚ್ಚಿ ಕಟ್ಟುತ್ತಿದ್ದಳು. ಅವಳ ಎರಡರಷ್ಟಿದ್ದ ಡ್ರೈವರುಗಳು ಮರುಮಾತಿಲ್ಲದೆ ಕೀಲಿ ಅವಳ ಕೈಗೆ ಕೊಟ್ಟು ಕಾಫಿಗೆ ಹೋಗುತ್ತಿದ್ದರು. ಅಂಥವಳು ಅಂಗಳಕ್ಕೆ ಬಂದರೆ ಮಾತ್ರ ಸೆಗುಂದೋನ ಮಗಳು. ಈ ವರ್ಷ ಅವಳು ನಿರ್ಧರಿಸಿಬಿಟ್ಟಳು. ಗೆಲ್ಲಬೇಕು, ಬೈಕನ್ನೂ ಉಳಿಸಿಕೊಳ್ಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತನ್ನ ಕೈಯಲ್ಲಿ ಇದು ಆಗುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಪಕ್ಕದ ಊರಿನ ಒಬ್ಬ ಹುಡುಗಿ ಬೆಳೆದು ಬಿಟ್ಟ ಬೈಕೊಂದನ್ನು ಕೊಂಡು, ಒಂದು ಶನಿವಾರ ಅಪ್ಪನ ಗ್ಯಾರೇಜಿಗೆ ತಂದು ನಿಲ್ಲಿಸಿದಳು. ಒಂದು ಬೋಲ್ಟೂ ಬದಲಾಗದ, ಅಪ್ಪಟ ಕಂಪನಿಯ ಬೈಕು. ಯುಸೇಬಿಯೋ ಮೊಮ್ಮಗುವನ್ನು ಕಂಡವನ ಹಾಗೆ ಕೈ ಒರೆಸಿಕೊಂಡು ಬಂದ.

"ಮೊದ್ಲು ಇಂಜಿನ್ ಬಿಚ್ಚೋಣ. ದೊಡ್ಡ ಪಿಸ್ಟನ್ ಹಾಕಿದ್ರೆ ನೂರ ನಲವತ್ತು ಸಿಸಿ ದಾಟುತ್ತೆ."

"ಇಂಜಿನ್ ಆಮೇಲೆ ಅಪ್ಪಾ. ಮೊದ್ಲು ಸ್ಪ್ರಿಂಗು."

"ಸ್ಪ್ರಿಂಗಿಂದ ಯಾರಮ್ಮ ಗೆದ್ದಿದಾರೆ ಇಲ್ಲಿ?"

"ಇಲ್ಲಿ ಯಾರೂ ಗೆದ್ದೇ ಇಲ್ವಲ್ಲ. ಎಲ್ಲಾ ಬ್ರೇಕ್ ಹಿಡಿದೋರೇ."

ಯುಸೇಬಿಯೋ ಕೆಮ್ಮಿ, ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ತಿರುಗಿದ.

ಗ್ರಿಸೆಲ್ಡಾಳ ಉಪಾಯ ಬಲು ಸರಳ. ಈ ಬೈಕಿಗೆ ಸಿಗುವ ಹೊರಗಿನ ಭಾಗಗಳೆಲ್ಲ ಡ್ವೈಟನಂಥ ಗಂಡಸರ ಮೈಗೆ ಮಾಡಿದವು, ಕಂಪನಿಯ ಸ್ಪ್ರಿಂಗು ಮಕ್ಕಳ ಮೈಗೆ ಮಾಡಿದ್ದು. ಬೂಟು ಹಾಕಿಕೊಂಡು ನಿಂತರೂ ಐವತ್ತು ಕಿಲೋ ದಾಟದ ಗ್ರಿಸೆಲ್ಡಾ ಎರಡಕ್ಕೂ ಸಲ್ಲದವಳು. ಹಾಗಿದ್ದರೆ ತನ್ನೊಬ್ಬಳಿಗೇ ಸಲ್ಲುವ ಬೈಕು ಯಾಕೆ ಕಟ್ಟಬಾರದು? ಬೇರಾವುದೋ ಬೈಕಿನ ನಡುವಣ ಬಿಗಿಯ ಸ್ಪ್ರಿಂಗು ತರಿಸಿದಳು. ಅದು ಮುಂದಿನ ಫೋರ್ಕಿನೊಳಗೆ ಗಿಡ್ಡವಾಯಿತು ಎಂದು ನೀರಿನ ಪ್ಲಾಸ್ಟಿಕ್ ಪೈಪಿನ ತುಂಡು ಕತ್ತರಿಸಿ ಮೇಲೆ ಕೂರಿಸಿದಳು. ಊರೆಲ್ಲ ಹ್ಯಾಂಡಲ್ ಎತ್ತರಿಸಿದರೆ ಅವಳು ತಗ್ಗಿಸಿದಳು. ಸೀಟಿನ ಸ್ಪಂಜನ್ನು ಹೆರೆದಳು, ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಿದಳು. ಹೊಸದಾಗಿ ಜೋಡಿಸಿದ ಕ್ಲಚ್ಚಿನ ಲಿವರನ್ನು ತನ್ನ ಗಿಡ್ಡ ಬೆರಳಿಗೆ ಸಿಗುವ ಹಾಗೆ ಒಳಕ್ಕೆ ಬಗ್ಗಿಸಿದಳು. ಇಂಜಿನ್ನಿಗೆ ದೊಡ್ಡ ಪಿಸ್ಟನ್ ಬೇಡವೇ ಬೇಡ ಎಂದಳು. ಉಸಿರಾಡಲು ದೊಡ್ಡ ಕಾರ್ಬುರೇಟರು, ಉಸಿರು ಬಿಡಲು ಹೊಸ ಸೈಲೆನ್ಸರು, ತಿರುವಿನಿಂದ ಎಳೆದುಕೊಂಡು ಹೊರಬರಲು ಹಿಂದೆ ದೊಡ್ಡ ಹಲ್ಲುಚಕ್ರ, ಅಷ್ಟು ಸಾಕು.

"ಇದ್ರ ಮೇಲೆ ಯಾವ ಗಂಡಸೂ ಕೂರಕ್ಕಾಗಲ್ಲ. ಮೊಣಕಾಲು ಕಿವಿಗೆ ಬರುತ್ತೆ, ಸ್ಪ್ರಿಂಗು ತಳ ಕಾಣುತ್ತೆ," ಎಂದಳು ಹೆಮ್ಮೆಯಿಂದ. "ಗೆಲ್ತೀನಿ. ಒಬ್ಬನೂ ಹೆಲ್ಮೆಟ್ ಇಡಲ್ಲ. ಹೆಂಗೆ?"

ಯುಸೇಬಿಯೋಗೆ ಇದು ಹಿಡಿಸಲಿಲ್ಲ. ಅವನಿಗೆ ಹಿಡಿಸದಿದ್ದರೆ ಮೀಸೆಯ ತುದಿ ಕಚ್ಚುತ್ತಿದ್ದ.

"ಬುದ್ಧಿ ಏನೋ ಬುದ್ಧೀನೇ. ಆದ್ರೆ ಯಾರಿಗೂ ಬೇಡವಾಗ್ಲಿ ಅಂತ ಕಟ್ಟೋದೂ ಒಂದು ಕಟ್ಟೋದಾ ಮಗಳೇ? ಅಡುಗೆ ಮಾಡಿ, ಯಾರೂ ತಿನ್ನದೇ ಇರ್ಲಿ ಅಂತ ಉಪ್ಪು ಸುರಿದ ಹಾಗಾಯ್ತು."

"ನಿನ್ನ ಬೈಕುಗಳನ್ನ ಯಾರು ಕೇಳಿದ್ರು, ಹೇಳು ನೋಡೋಣ?"

"ಕೇಳೋ ಅವಕಾಶಾನೇ ಕೊಡ್ಲಿಲ್ವಲ್ಲ ನಾನು."

ಅವನು ಅದನ್ನು ತಮಾಷೆಗೆಂಬಂತೆ ಹೇಳಿದ. ಗ್ರಿಸೆಲ್ಡಾ ತಲೆ ಎತ್ತಿ ನೋಡಲಿಲ್ಲ, ಅವಳ ಬಾಯಲ್ಲಿ ಎರಡು ತಿರುಪುಗಳಿದ್ದವು.

ಇಷ್ಟಾದರೂ ಅವನು ಕೆಲಸಕ್ಕೆ ಕೈ ಕೊಡದೆ ಇರಲಿಲ್ಲ. ಕಾರ್ಬುರೇಟರಿನ ಹದ ನೋಡುವುದರಲ್ಲಿ ಅವನ ಕಿವಿಗೆ ಸಾಟಿಯಿಲ್ಲ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, "ಹೊಟ್ಟೆ ತುಂಬಿ ತೇಗ್ತಾ ಇದೆ, ಪೆಟ್ರೋಲ್ ಕಮ್ಮಿ ಮಾಡು," "ಈಗ ಉಪವಾಸ ಬಿತ್ತು, ಒಂದು ತುತ್ತು ಹಾಕು," ಎನ್ನುತ್ತಿದ್ದ. ಅವಳು ಅದರಂತೆ ಪೆಟ್ರೋಲ್ ಹನಿಸುವ ಹಿತ್ತಾಳೆಯ ಸಣ್ಣ ಜೆಟ್ಟುಗಳನ್ನು ಬದಲಿಸುತ್ತಿದ್ದಳು. ಶನಿವಾರಗಳು ಹೀಗೇ ಉರುಳಿದವು. ಊಟಕ್ಕೆ ಕರೆದು ಕರೆದು ಸಾಕಾದ ತಾಯಿ ಒಫೇಲಿಯಾ ತಟ್ಟೆಗಳನ್ನು ಗ್ಯಾರೇಜಿಗೇ ತಂದಿಟ್ಟು ಹೋಗತೊಡಗಿದಳು. ಒಂದು ದಿನ ಇಂಜಿನ್ನು ಕೇಳಿದವರ ಮೈ ಜುಮ್ಮೆನ್ನುವ ಹಾಗೆ ಹದಕ್ಕೆ ಬಂತು. ಯುಸೇಬಿಯೋ ಎದ್ದು ಬಂದು ಸೀಟಿನ ಮೇಲೆ ಕೈಯಿಟ್ಟ.

"ಒಂದೇ ಒಂದು ಸುತ್ತು ಹೋಗಿ ಬರ್ಲಾ?"

"ಬೇಡ ಅಪ್ಪಾ. ಸೆಟ್ಟಿಂಗ್ ಕೆಡುತ್ತೆ."

ಕೂತ ಮಾತ್ರಕ್ಕೆ ಯಾವ ಸೆಟ್ಟಿಂಗೂ ಕೆಡುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಈ ಬೈಕಿನ ಮೇಲೆ ತಾನಲ್ಲದೆ ಇನ್ನೊಬ್ಬರು ಕೂರಬಾರದು ಎಂಬುದು ಅವಳಿಗೆ ಒಂದು ವ್ರತದ ಹಾಗೆ ಆಗಿಹೋಗಿತ್ತು. ಯುಸೇಬಿಯೋ ಕೈ ತೊಳೆಯಲು ಹೋದ.

ರೇಸು, ಮನೆಮನೆಯಲ್ಲೂ ಟರ್ಕಿ ಕೋಳಿ ಬೇಯಿಸುವ ಹಬ್ಬ ಕಳೆದ ಭಾನುವಾರ. ಹಬ್ಬದ ಮನೆಗಳಲ್ಲಿ ಉಳಿದ ಮಾಂಸವನ್ನೆಲ್ಲ ಒಫೇಲಿಯಾ ಹಿಟ್ಟಿನೊಳಗೆ ತುಂಬಿ, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ, ತಮಾಲೆ ಎಂಬ ಕಡುಬು ಮಾಡಿ ಅಂಗಳದ ಬಾಗಿಲಲ್ಲಿ ಮಾರುತ್ತಿದ್ದಳು. ಗಾಳಿ ಆಗಲೇ ಎದ್ದು ಒಣಮುಳ್ಳಿನ ಪೊದೆಗಳನ್ನು ಬೇಲಿಗೆ ತಂದು ಒತ್ತುತ್ತಿತ್ತು. ಡ್ವೈಟ್ ಕೈಯಲ್ಲಿ ಎರಡು ತಮಾಲೆ ಹಿಡಿದು ಗ್ರಿಸೆಲ್ಡಾಳ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನಮ್ಮಾ ಗ್ರಿಸ್, ಇದೇನು ಸೈಕಲ್ಲಾ? ಇಂಜಿನ್ ದೊಡ್ಡದು ಮಾಡೋಕೆ ಮರೆತುಬಿಟ್ಯಾ?"

"ನಿಂಗೆ ಕಾಣೋ ಅಷ್ಟು ದೊಡ್ಡದು ಬೇಕಾಗಿರ್ಲಿಲ್ಲ."

"ಅಪ್ಪನ ಹಾಗೆ ಕೊನೇ ತಿರುವಲ್ಲಿ ಕಾಲು ಊರ್ತೀಯೋ, ನನ್ನ ಶೆಡ್ಡಿಗೆ ಹೊಸ ನೆಂಟನ್ನ ಕಳಿಸ್ತೀಯೋ?"

"ಕಾಲು ಊರೋ ಪೈಕಿ ಅಲ್ಲ ನಾನು. ಹೆಲ್ಮೆಟ್ ರೆಡಿ ಇಟ್ಕೊ ಡ್ವೈಟ್. ಗೆದ್ದ ಮೇಲೆ ನಿನ್ನ ಮಂಡಿ ಒಪ್ಪಿದ್ರೆ ತಗೊಂಡು ಹೋಗು."

ಸುತ್ತಲಿದ್ದವರು ಹೋ ಎಂದು ನಕ್ಕರು. ಅತ್ತ ಯುಸೇಬಿಯೋ ತನ್ನ ಹಳೆಯ ಬೈಕೊಂದನ್ನು ಸಾಲಿನ ತುದಿಯಲ್ಲಿ ನಿಲ್ಲಿಸಿ, ಕೈಗವಸು ಹಾಕಿಕೊಳ್ಳುತ್ತ ಯಾರ ಗೊಡವೆಗೂ ಹೋಗದೆ ಇದ್ದ.

ಲೋರ್ನಾ ಸಾಲಿನ ಮುಂದೆ ಅಡ್ಡ ಹಿಡಿದಿದ್ದ ಹಗ್ಗ ಬಿಟ್ಟಳು. ಮೊದಲ ಸುತ್ತಿನಲ್ಲಿ ದೊಡ್ಡ ಪಿಸ್ಟನ್ನಿನವರು ಗುಡುಗುತ್ತ ಮುಂದೆ ಹೋದರು. ಅಂಗಳದ ಮಣ್ಣು ಕುದುರೆ ಗೊರಸಿಗೆ ಅಗೆದಗೆದು ಹೋಗಿತ್ತು, ಎಲ್ಲಿ ನೋಡಿದರೂ ದಿಬ್ಬ ಮತ್ತು ಹಳ್ಳ. ಶಕ್ತಿ ಹೆಚ್ಚಾದ ಬೈಕುಗಳು ತಿರುವಿನಲ್ಲಿ ಹಿಂದಿನ ಚಕ್ರ ಸುತ್ತಿಸಿ ಧೂಳೆಬ್ಬಿಸಿದವೇ ಹೊರತು ಮುಂದಕ್ಕೆ ಹೋಗಲಿಲ್ಲ. ಗ್ರಿಸೆಲ್ಡಾಳ ಬೈಕು ಮಾತ್ರ ದಿಬ್ಬಗಳನ್ನು ನುಂಗಿಕೊಂಡು ಹೋಯಿತು. ಅವಳ ಮೈಯ ಒಂದೊಂದು ಕಿಲೋಗೂ ಅದು ಉತ್ತರ ಕೊಡುತ್ತಿತ್ತು. ಮುಂದಿದ್ದವರನ್ನು ಅವಳು ಒಬ್ಬೊಬ್ಬರನ್ನಾಗಿ, ಆತುರವಿಲ್ಲದೆ, ಒಳಗಿನ ಸಾಲಿನಿಂದ ದಾಟಿದಳು. ಹೆಲ್ಮೆಟ್ಟಿನೊಳಗೆ ಅವಳು ನಗುತ್ತಿದ್ದಳು.

ಕೊನೆಯ ಸುತ್ತಿನಲ್ಲಿ ಎಂದಿನ ಪ್ರಹಸನ ಅವಳ ಬೆನ್ನ ಹಿಂದೆ ಶುರುವಾಯಿತು. ಅವಳು ಮುಂದಿದ್ದಾಳೆ ಎಂದು ಖಾತ್ರಿಯಾದ ಮೇಲೆ ಉಳಿದವರು ಎರಡನೆಯ ಜಾಗಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು, ಇಬ್ಬರು ಹುಲ್ಲಿನ ಪೆಂಡಿಯೊಳಕ್ಕೇ ಹೊಕ್ಕರು. ಗ್ರಿಸೆಲ್ಡಾ ಕೊನೆಯ ತಿರುವಿಗೆ ಬಂದಳು. ಬ್ರೇಕಿನ ಲಿವರಿನಿಂದ ಬೆರಳು ತೆಗೆದಳು. ಸೆಗುಂದೋನ ಮಗಳು ಆ ತಿರುವನ್ನು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ದಾಟಿ, ಗೆರೆಯನ್ನು ಒಬ್ಬಳೇ ಮುಟ್ಟಿದಳು. ಬೇಲಿಯ ಮೇಲೆ ಕೂತವರೆಲ್ಲ ಎದ್ದು ನಿಂತರು, ಅಲ್ಲಿ ಯಾರಾದರೂ ಗೆಲುವಿನ ಆಸೆಗೇ ಗೆದ್ದದ್ದನ್ನು ನೋಡಿ ಬಹಳ ಕಾಲವಾಗಿತ್ತು. ಯುಸೇಬಿಯೋ ಎಲ್ಲರಿಗಿಂತ ಕೊನೆಗೆ, ಈ ಸಲ ಎರಡನೆಯ ಜಾಗದ ಕಡೆ ತಿರುಗಿಯೂ ನೋಡದೆ, ಬೀಳದೆ ಏಳದೆ ಮುಗಿಸಿದ.

ಅವಳು ಬೈಕನ್ನು ಅಂಗಳದ ನಡುವೆ ನಿಲ್ಲಿಸಿ ಪಕ್ಕದಲ್ಲಿ ನಿಂತಳು. ಡ್ವೈಟ್ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಬಂದ. ಹತ್ತಿ ಕೂತ. ಬೈಕು ಅವನ ಕೆಳಗೆ ಕುಸಿದು ಕುಂಯ್ ಎಂದಿತು. ಮೊಣಕಾಲು ಹ್ಯಾಂಡಲಿಗೆ ಸಿಕ್ಕಿಕೊಂಡಿತು, ಲಿವರು ಅವನ ಹಸ್ತದೊಳಗೆ ಎಲ್ಲೋ ಕಳೆದುಹೋಯಿತು.

"ಅಯ್ಯೋ ನನ್ನಪ್ಪಾ! ಇದು ಬೈಕಲ್ಲ, ನಿನ್ನ ಚಪ್ಪಲಿ. ನೀನೇ ಇಟ್ಕೋ ತಾಯಿ," ಎಂದು ನಗುತ್ತ ಇಳಿದು ಹೋದ.

ಇನ್ನಿಬ್ಬರು ಬಂದು ಕೂತು ನೋಡಿ, ತಲೆಯಾಡಿಸಿ ಹೊರಟರು. "ಕೇಳೋರು ಇನ್ಯಾರಾದ್ರೂ ಇದೀರೇನ್ರಪ್ಪಾ?" ಎಂದು ಲೋರ್ನಾ ಮೈಕಿನಲ್ಲಿ ಕೂಗಿದಳು. ಯಾರೂ ಬರಲಿಲ್ಲ. ಜನ ಮೆಲ್ಲಗೆ ತಮಾಲೆಯ ಕಡೆಗೆ ತಿರುಗಿದರು. ಬೇಲಿಯ ಹತ್ತಿರ ಒಬ್ಬ ಇನ್ನೊಬ್ಬನಿಗೆ, "ಗೆದ್ದಿದ್ದು ಸರಿ, ಆದ್ರೆ ಅಂಥಾ ಬೈಕೇನಲ್ಲ ಬಿಡು," ಎಂದದ್ದು ಅವಳಿಗೆ ಕೇಳಿಸಿತು.

ಎಲ್ಲವೂ ಅವಳು ಎಣಿಸಿದ ಹಾಗೆಯೇ ಆಗಿತ್ತು. ಗೆದ್ದಿದ್ದಳು, ಬೈಕೂ ಉಳಿದಿತ್ತು. ಆದರೂ ಅಂಗಳದ ನಡುವೆ ಒಬ್ಬಳೇ ನಿಂತಾಗ ಅವಳಿಗೆ ಬೇಸರವಾಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಷ್ಟು ಚೆಂದದ ಬೈಕು, ಒಬ್ಬರ ಬಾಯಲ್ಲೂ ನೀರೂರಲಿಲ್ಲ. ತಾನೇ ಉಪ್ಪು ಸುರಿದ ಅಡುಗೆಯನ್ನು ಯಾರೂ ಮುಟ್ಟಲಿಲ್ಲವೆಂದು ಅಳುವುದಾದರೂ ಹೇಗೆ?

ಬಣ್ಣ ಸುಲಿದ ಹಳೆಯ ಹೆಲ್ಮೆಟ್ಟೊಂದು ಸೀಟಿನ ಮೇಲೆ ಬಂದು ಕೂತಿತು.

ಗ್ರಿಸೆಲ್ಡಾ ತಿರುಗಿ ನೋಡಿದಳು. ಯುಸೇಬಿಯೋ ಕೂದಲಿಗೆ ಕೈಯಾಡಿಸಿಕೊಳ್ಳುತ್ತ ನಿಂತಿದ್ದ.

"ಅಪ್ಪಾ, ಇದೇನ್ ತಮಾಷೆ? ತೆಗಿ ಅದನ್ನ."

"ತಮಾಷೆ ಯಾಕೆ? ರೇಸ್ ಮುಗಿಸಿದೀನಿ. ಕೊನೇಲಿ ಮುಗಿಸಿದೋನು ಕೇಳಬಾರ್ದು ಅಂತ ಎಲ್ಲೂ ಇಲ್ಲ. ಅಲ್ವಾ ಲೋರ್ನಾ?"

"ಇಲ್ವೇ ಇಲ್ಲ," ಎಂದಳು ಲೋರ್ನಾ ಮೈಕಿನಲ್ಲಿ. ತಮಾಲೆಗೆ ಹೋದವರೆಲ್ಲ ದಡದಡನೆ ಹಿಂದಿರುಗಿ ಬಂದರು.

"ಇದು ಮೋಸ! ನಾನು ನಂಗೆ ಅಂತ ಕಟ್ಟಿದ್ದು!"

"ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ನಿಂಗೆ ಅಂತ ಕಟ್ಟಿದೆ ನಿಜ. ಆ ಮೈ ನಿಂಗೆ ಎಲ್ಲಿಂದ ಬಂತು? ಡ್ವೈಟ್ ಕೊಟ್ನಾ?"

ಅಂಗಳ ಬಿದ್ದು ಬಿದ್ದು ನಕ್ಕಿತು. ಒಫೇಲಿಯಾ ಆಗಲೇ ಏಪ್ರನ್ನಿನ ಜೇಬಿನಿಂದ ರಬ್ಬರ್ ಬ್ಯಾಂಡು ಹಾಕಿದ ನೋಟಿನ ಕಂತೆ ತೆಗೆದು ಲೋರ್ನಾಳ ಕೈಗೆ ಕೊಟ್ಟಿದ್ದಳು.

"ಅಮ್ಮಾ! ನೀನೂನಾ?"

"ನನ್ನನ್ನ ಯಾಕೆ ನೋಡ್ತೀಯ? ಒಂದು ತಿಂಗಳಿಂದ ನಿದ್ದೇಲೂ ಅದನ್ನೇ ಕನವರಿಸ್ತಾನೆ ಮುದುಕ. ಕೊಡಿಸಿದ್ರೆ ನಂಗಾದ್ರೂ ನಿದ್ದೆ ಬರುತ್ತೆ."

ಗ್ರಿಸೆಲ್ಡಾಳ ಮುಖ ಕೆಂಪಾಗಿತ್ತು. "ಬೇಕು ಅಂದಿದ್ರೆ ದಿನಾ ಓಡಿಸ್ಬಹುದಿತ್ತಲ್ಲ ಅಪ್ಪಾ. ನಾನೇನು ಬೇಡ ಅಂತಿದ್ನಾ?"

"ಅಂದ್ಯಲ್ಲ."

ಅವಳು ಬೈಕಿನ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯುಸೇಬಿಯೋ ಹತ್ತಿರ ಬಂದು ದನಿ ತಗ್ಗಿಸಿದ. ಆದರೂ ಸುತ್ತ ನಿಂತವರಿಗೆಲ್ಲ ಕೇಳಿಸಿತು, ಕೇಳಿಸಲಿ ಎಂದೇ ಅವನು ಹೇಳಿದ.

"ನೋಡು ಮಗಳೇ. ಗೆದ್ದ ಬೈಕನ್ನ ಯಾರೂ ಕೇಳದೇ ಹೋದ್ರೆ ನಾಳೆ ಊರು ಏನನ್ನುತ್ತೆ? ಹುಡುಗಿ ಹೆಂಗೋ ಓಡಿಸಿಬಿಟ್ಲು, ಬೈಕಲ್ಲೇನೂ ಇಲ್ಲ ಅನ್ನುತ್ತೆ. ಹಾಗೆ ಅನ್ನೋಕೆ ನಾನು ಬಿಡಲ್ಲ. ಇಷ್ಟು ವರ್ಷ ನಾನು ಕಟ್ಟಿದ್ದೆಲ್ಲ ನನ್ನತ್ರಾನೇ ಇದೆ. ಒಂದನ್ನೂ ಒಬ್ಬನೂ ಬೇಕು ಅಂದಿಲ್ಲ, ಅನ್ನೋಕೆ ನಾನೇ ಬಿಡ್ಲಿಲ್ಲ. ನಿನ್ನದನ್ನ ಒಬ್ಬ ಬೇಕು ಅಂತಾ ಇದಾನೆ. ಉಪಕಾರಕ್ಕಲ್ಲ. ನಂಗೆ ಬೇಕು, ನಿಜವಾಗ್ಲೂ ಬೇಕು."

ಕೊಡುವುದಿಲ್ಲ ಎಂದರೆ ಮತ್ತೆ ಈ ಅಂಗಳವಿಲ್ಲ. ಆದರೆ ಅವಳ ಕೈ ಹ್ಯಾಂಡಲಿನಿಂದ ಸಡಿಲವಾದದ್ದು ಕಟ್ಟಳೆಯ ಹೆದರಿಕೆಯಿಂದಲ್ಲ. ಅಪ್ಪನ ಕಣ್ಣಿನಲ್ಲಿ ಆಟಿಕೆಯಂಗಡಿಯ ಮುಂದೆ ನಿಂತ ಮಗುವಿನ ಆಸೆ ಇತ್ತು, ಅದು ನಟನೆಯಾಗಿರಲಿಲ್ಲ. ಅವಳು ಹೆಲ್ಮೆಟ್ಟನ್ನು ಸೀಟಿನಿಂದೆತ್ತಿ ಅವನ ತಲೆಗೆ ತಾನೇ ಇಟ್ಟಳು. ಸಿಟ್ಟಿಗೆ ಪಟ್ಟಿಯನ್ನು ತುಸು ಹೆಚ್ಚೇ ಬಿಗಿದಳು.

"ಉಸಿರುಕಟ್ಟುತ್ತೆ ಕಣೇ!"

"ಕಟ್ಲಿ."

ಅವನು ಹತ್ತಿದ. ಬೈಕು ಕುಸಿಯಲೂ ಇಲ್ಲ, ಸೆಟೆಯಲೂ ಇಲ್ಲ. ಕಾಲು ತಾನಾಗಿ ಕಡ್ಡಿ ಹುಡುಕಿಕೊಂಡಿತು, ಗಿಡ್ಡ ಬೆರಳು ಲಿವರಿಗೆ ಸುತ್ತಿಕೊಂಡಿತು. ಊರಿನ ಎಲ್ಲರ ಮೊಣಕಾಲು, ಎಲ್ಲರ ತೂಕ ಲೆಕ್ಕ ಹಾಕಿದ್ದ ಗ್ರಿಸೆಲ್ಡಾ ಪ್ರತಿ ಶನಿವಾರ ಎದುರಿಗೆ ಕೂತಿದ್ದ ಈ ಒಂದು ಮೈಯನ್ನು ಮರೆತಿದ್ದಳು. ಅವನು ಆಕ್ಸಿಲರೇಟರ್ ತಿರುಗಿಸಿ ಹೊರಟ. ಅವಳು ತನ್ನ ಬೈಕು ಓಡುವುದನ್ನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ದಿಬ್ಬಗಳ ಮೇಲೆ ಚಕ್ರ ಏರಿ ಇಳಿಯುತ್ತಿತ್ತು, ಮೇಲೆ ಕೂತವನ ತಲೆ ಅಲುಗುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಟ್ಟಿದ್ದೇನೆ ಎಂದು ಅವಳಿಗೆ ಎದೆ ತುಂಬಿ ಬಂತು. ಪಕ್ಕದಲ್ಲಿ ಡ್ವೈಟ್ ಬಾಯಿ ತೆರೆದು ನೋಡುತ್ತಿದ್ದ, ಕೈಯಲ್ಲಿದ್ದ ತಮಾಲೆ ಆರಿಹೋಗಿತ್ತು.

"ಥೂ, ನಂಗೂ ಬೇಕಾಗಿತ್ತು ಕಣಮ್ಮ ಅದು," ಎಂದ ಡ್ವೈಟ್.

ಎರಡು ಸುತ್ತು ಸುತ್ತಿ ಬಂದ ಯುಸೇಬಿಯೋ ಇಳಿಯಲಿಲ್ಲ. "ಹಿಂದಿನ ಸ್ಪ್ರಿಂಗು ಕೂದಲೆಳೆಯಷ್ಟು ಬಿಗಿ ಆಯ್ತು," ಎಂದ.

"ಅದೀಗ ನಿಂದು. ನೀನೇ ಸರಿ ಮಾಡ್ಕೋ. ನಂಗೆ ಬೇರೆ ಕೆಲಸ ಇದೆ," ಎಂದು ಗ್ರಿಸೆಲ್ಡಾ ಲೋರ್ನಾಳಿಂದ ಕಂತೆ ಇಸಿದುಕೊಂಡು ಜಾಕೆಟ್ಟಿನೊಳಗೆ ತುರುಕಿದಳು. "ಇನ್ನೊಂದು ಕಟ್ತೀನಿ. ಮುಂದಿನ ವರ್ಷ ಅದ್ರಲ್ಲಿ ನಿನ್ನನ್ನೂ ಹಿಂದೆ ಹಾಕ್ತೀನಿ, ನೋಡ್ತಿರು. ಈ ಸಲ ಸ್ಪ್ರಿಂಗು, ಹ್ಯಾಂಡಲ್ಲು ಎಲ್ಲಾ ಹತ್ತಿದೋರ ಮೈಗೆ ತಕ್ಕ ಹಾಗೆ ತಿರುಗಿಸ್ಕೊಳ್ಳೋ ಥರ ಇರುತ್ತೆ. ಅದ್ರ ಸೀಟಿನ ಮೇಲೆ ಹೆಲ್ಮೆಟ್ ಇಡೋಕೆ ಜನ ಹೊಡೆದಾಡ್ಬೇಕು."

ಯುಸೇಬಿಯೋ ಹೆಲ್ಮೆಟ್ಟಿನೊಳಗಿಂದಲೇ, "ಹಾಂ, ಈಗ ಮಾತಾಡಿದೆ," ಎಂದು ಮತ್ತೆ ಹೊರಟುಬಿಟ್ಟ.

ಅವಳು ಡ್ವೈಟನ ಕಡೆ ತಿರುಗಿದಳು. "ನಿನ್ನ ತೂಕ ಎಷ್ಟು?"

ಡ್ವೈಟ್ ಆಚೀಚೆ ನೋಡಿ, ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ನಂಬಲಿಲ್ಲ. "ಒಳಗೆ ಮೇವಿನ ತಕ್ಕಡಿ ಇದೆ, ನಡಿ," ಎಂದು ಅವನ ತೋಳು ಹಿಡಿದು ಅಂಗಡಿಯೊಳಕ್ಕೆ ಕರೆದುಕೊಂಡು ಹೋದಳು.